ಎರಡು ಬಕೆಟ್ಟು

ಕಪ್ಪು ಬೇಡ ಅಂದರು ಎಲ್ಲರೂ.
ಅಂತೋಫಗಾಸ್ತದಲ್ಲಿ ಕಪ್ಪು ಕಾರು ಕೊಳ್ಳೋದು
ರೇಷ್ಮೆ ಉಟ್ಟು ಹಿಟ್ಟಿನ ಗಿರಣಿಗೆ ಹೋದ ಹಾಗೆ.
ಒಂದು ಕಡೆ ಮರುಭೂಮಿ, ಒಂದು ಕಡೆ ಉಪ್ಪುಗಾಳಿ,
ನಡುವೆ ನೀನು ಬಟ್ಟೆ ಹಿಡಿದೇ ಮುದುಕಿಯಾಗ್ತೀ ಅಂದರು.

ತಾಮ್ರದ ಗಣಿಯಲ್ಲಿ
ಮುನ್ನೂರು ಟನ್ನಿನ ಲಾರಿ ಓಡಿಸುವವಳು ನಾನು.
ಅದರ ಒಂದು ಚಕ್ರ ನನ್ನ ಎರಡರಷ್ಟು ಎತ್ತರ.
ಧೂಳಿನಡಿ ಅದರ ಬಣ್ಣ ಯಾವುದೋ
ಏಳು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಕಂಡಿಲ್ಲ.
ಅದಕ್ಕೇ ಕಪ್ಪು.
ಮುಖ ಕಾಣುವಂಥದ್ದು ಒಂದಾದರೂ ಇರಲಿ ಅಂತ.

ಭಾನುವಾರ, ಬಿಸಿಲು ಬೆಟ್ಟ ದಾಟುವ ಮೊದಲು
ಎವಾರಿಸ್ತೊ ಮಾವ ಬಂದ, ತನ್ನ ಹಳೇ ಬಕೆಟ್ಟಿನೊಡನೆ.
ಮೂವತ್ತೊಂದು ವರ್ಷ ಮೀನು ಮಾರ್ಕೆಟ್ಟಿನ ಎದುರು
ಊರವರ ಕಾರು ತೊಳೆದವನು.
ಒಂದು ಬಕೆಟ್ಟು, ಒಂದು ಬಟ್ಟೆ,
ಬಟ್ಟೆ ಅಂದರೆ ಯಾರದೋ ಹರಿದ ಬನಿಯನ್ನು.
'ಎಲ್ಲಿ, ಸರಿ ಆಚೆ,' ಅಂತ ತೋಳೇರಿಸಿದ.

'ತಡಿ ಯಾಸ್ನಾಳ ಮಾವ,' ಅಂದೆ ತಮಾಷೆಗೆ.
ನನಗೂ ಹೊಸತು. ಚೀಟಿಯಲ್ಲಿ ಬರೆದುಕೊಂಡಿದ್ದೆ:
ಮೊದಲು ಬರೀ ನೀರು, ಮೇಲಿಂದ ಕೆಳಕ್ಕೆ,
ಕೈ ಸೋಕಿಸಬೇಡ, ಮರಳು ತಾನಾಗಿ ಇಳಿಯಲಿ.
ಚಕ್ರಕ್ಕೆ ಬೇರೆ ಬ್ರಷ್ಷು, ಅದು ಚಕ್ರಕ್ಕೇ ಮೀಸಲು.
ಆಮೇಲೆ ಎರಡು ಬಕೆಟ್ಟು:
ಒಂದರಲ್ಲಿ ಶಾಂಪೂ, ಒಂದರಲ್ಲಿ ಬರಿ ನೀರು.
ಉಣ್ಣೆಯ ಕೈಗವಸು ನೊರೆಗೆ ಅದ್ದು, ಒಂದು ಬಾಗಿಲು ಸವರು,
ಬರಿ ನೀರಲ್ಲಿ ಜಾಲಿಸು, ಮತ್ತೆ ನೊರೆ.
ಒತ್ತಬೇಡ. ಸುತ್ತಬೇಡ. ನೇರ ಗೆರೆ.
ನೆಲಕ್ಕೆ ಬಿತ್ತೋ, ಅದು ಇನ್ನು ಕೈಗವಸಲ್ಲ,
ಉಪ್ಪುಕಾಗದ.

'ಸುತ್ತಿದರೆ ಏನಾಗತ್ತೆ?'

ಎದುರು ಮನೆಯ ದೊಮಿತಿಲಾಳ ಕಪ್ಪು ಟ್ಯಾಕ್ಸಿ ತೋರಿಸಿದೆ.
ಬಿಸಿಲು ಆಗತಾನೇ ಅದರ ಬಾನೆಟ್ಟು ಮುಟ್ಟಿತ್ತು.
ಬಿದ್ದ ಸೂರ್ಯನ ಸುತ್ತ ಸಾವಿರ ಸಣ್ಣ ಬಳೆ,
ಜೇಡ ರಾತ್ರಿಯಿಡೀ ಕೂತು ನೇಯ್ದ ಹಾಗೆ.
ಮಾವ ಬಗ್ಗಿದ. ಕನ್ನಡಕ ಹಾಕಿದ. ತೆಗೆದ.
'ಇದನ್ನ ನಾನೇ ತೊಳೀತಿದ್ದೆ.
ವಾರಕ್ಕೆರಡು ಸಲ, ಅವಳ ಗಂಡ ಇದ್ದಾಗ.'

ನಾನು ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ.
ಪೈಪಿನ ಬಾಯಿಂದ ನೀರು ಸುಮ್ಮನೆ ಹೋಗುತ್ತಿತ್ತು,
ಮಳೆ ಕಾಣದ ಊರಲ್ಲಿ. ಓಡಿ ಹೋಗಿ ನಿಲ್ಲಿಸಿದೆ.

'ಬೇಗ ಬೇಗ ಅಂದರು ಎಲ್ಲರೂ.
ಮೆಲ್ಲಗೆ ಅಂತ ಒಬ್ಬನೂ ಅನ್ನಲಿಲ್ಲ.
ನಲ್ಲಿಯವನಿಗೆ ಬಕೆಟ್ಟಿಗೆ ನೂರು ಪೆಸೊ,
ಎರಡಾದರೆ ಇನ್ನೂರು...'
ಬೆರಳು ಮಡಿಸುತ್ತ ಎಲ್ಲೋ ಲೆಕ್ಕ ತಪ್ಪಿದ,
ಆಮೇಲೆ ನಕ್ಕ, ಕೆಮ್ಮು ಬರುವ ತನಕ:
'ಹಾಗಾದರೆ ಇಡೀ ಊರಿನ ಮೇಲೆ ನನ್ನ ರುಜು ಇದೆ!'

ಕೈಗವಸು ಹಾಕಿಕೊಂಡ. ನೇರ ಗೆರೆ ಆ ತೋಳಿಗೆ ಒಗ್ಗದು.
ಎರಡು ಸಲ ನೇರ, ಮೂರನೆಯದು ತಾನೇ ಬಾಗುವುದು.
ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ
ಅವನ ಮೊಣಕೈ ಹಿಡಿದೆ. ಬೈದ. ಬಿಡಲಿಲ್ಲ.
ನೀರು ಒಣಗಿ ಸುಣ್ಣದ ಚುಕ್ಕಿ ಕಟ್ಟುವ ಮೊದಲು
ದಪ್ಪ ಟವೆಲ್ಲು ಹಾಸಿದೆವು, ಉಜ್ಜದೆ,
ಮಲಗಿದವರ ಮೇಲಿನ ಹೊದಿಕೆ ಎಳೆದಂತೆ ಎಳೆದೆವು.
ಬಟಾಣಿಯಷ್ಟು ಮೇಣ, ಇದ್ದೂ ಇಲ್ಲದಷ್ಟು ತೆಳ್ಳಗೆ.

ಬಿಸಿಲು ನಮ್ಮ ಕಡೆಗೂ ಬಂತು.
ಬಾನೆಟ್ಟಿನಲ್ಲಿ ಒಂದೇ ಒಂದು ಸೂರ್ಯ, ಬಳೆಯಿಲ್ಲದೆ,
ಪಕ್ಕದಲ್ಲಿ ಮಾವನ ಮುಖ.
'ಥೂ,' ಅಂದ, 'ಇಷ್ಟು ವಯಸ್ಸಾಗಿದೆ ಅಂತ
ಯಾವ ಕಾರೂ ನನಗೆ ಹೇಳಿರಲಿಲ್ಲ.'

ಮುಂದಿನ ಭಾನುವಾರ ಗಣಿಯಿಂದ ಬಂದು ಮಲಗಿದ್ದೆ.
ಕಾರಿನ ಮೇಲೆ ಆಗಲೇ ಬೆರಳಷ್ಟು ಧೂಳು,
ಧೂಳಲ್ಲಿ ಬೆಕ್ಕಿನ ಹೆಜ್ಜೆ.
ಕಿಟಕಿಯಿಂದ ನೋಡಿದೆ: ಮಾವ ಬರುತ್ತಿದ್ದ,
ಕೈಗೊಂದರಂತೆ ಎರಡು ಬಕೆಟ್ಟು.
ನನ್ನ ಗೇಟಿನ ಹತ್ತಿರ ನಿಲ್ಲಲೇ ಇಲ್ಲ.
ರಸ್ತೆ ದಾಟಿದ,
ಬಕೆಟ್ಟು ಕೆಳಗಿಟ್ಟು, ಕೂದಲು ನೀವಿಕೊಂಡು,
ದೊಮಿತಿಲಾಳ ಬಾಗಿಲು ತಟ್ಟಿದ.