ಜ್ವರ ಇಲ್ಲದ ಮೈಗೆ ಗಾಳಿ

ಡಂಬಳದಾಗ ಒಂದ ಎಮ್ಮಿ, ಹೊಟ್ಟ್ಯಾಗ ಕರು ಅಡ್ಡ ತಿರಗಿತ್ತು.
ಹೊರಗ ತಗದು, ಮೊಣಕೈತನಕ ತೊಳಕೊಂಡು
ಬೆಟಗೇರಿಗೆ ಬರೂದ್ರಾಗ ರಾತ್ರಿ ಹನ್ನೊಂದು.
ಚಾವಿ ತಿರುವಿದೆ. ಎಂಜಿನ್ ಸುಮ್ಮನಾತು.
ಬಾನೆಟ್ಟಿನ ಕೆಳಗ ಫ್ಯಾನ್ ಮಾತ್ರ
ಭರ್ ಅಂತ ತಿರಗತಾನ ಇತ್ತು.

ಇರಲಿ ಅಂದೆ. ಮೇ ತಿಂಗಳು,
ಕಪ್ಪತಗುಡ್ಡದ ಬಗಲಿನ ದಾರಿ.
ಅಲ್ಲಿ ಗಾಳಿಯಂತ್ರ ಕೆಂಪು ದೀಪ ಹಚ್ಚಿಕೊಂಡು
ರಾತ್ರಿಯೆಲ್ಲಾ ತಿರಗತಾವ, ಯಾರ ಕೇಳತಾರ?
ಆರೂತನಕ ಬೀಸಿಕೊಳ್ಳಲಿ.
ಜಳಕ ಮಾಡಿದೆ. ಮೊಸರನ್ನ ಉಂಡೆ.
ಇನ್ನೂ ಭರ್.
ಎದುರುಮನಿ ಪಂಪಣ್ಣ ಮಾಸ್ತರು ಕಿಟಕಿ ತಗದು
"ಡಾಕ್ಟರಬಾಯಾರ, ಗಾಡಿ ಚಾಲೂ ಐತಿ" ಅಂದ್ರು.
"ಬಂದ್ ಐತ್ರಿ" ಅಂದೆ.
ಇಬ್ಬರ ಮಾತೂ ಖರೇನ ಇತ್ತು.

ಎರಡಕ್ಕ ಎದ್ದು ಹೋಗಿ ಕೈ ಇಟ್ಟೆ.
ದನದ ಕಿವಿ ಹಿಡಿದು ಜ್ವರ ನೋಡೂ ಕೈ ಇದು,
ಇಪ್ಪತ್ತೆರಡು ವರ್ಷದ್ದು.
ರೇಡಿಯೇಟರಿನ ಪೈಪು ತಣ್ಣಗ. ಬಾನೆಟ್ಟು ತಣ್ಣಗ.
ಜ್ವರ ಇಲ್ಲದ ಮೈಗೆ
ಯಾರ ಕುಂತು ಗಾಳಿ ಹಾಕತಾರ?

ಬೆಳಿಗ್ಗೆ ಚಾವಿ ತಿರುವಿದರ ಟಕ್, ಅಷ್ಟ.
ಫ್ಯಾನೂ ನಿಂತಿತ್ತು,
ಮನ್ಯಾಗಿನ ಕಾಳೆಲ್ಲಾ ತಿಂದು ಮುಗಿಸಿದ ಇಲಿಯಂಗ.

ಮುಳಗುಂದ ನಾಕಾದ ಮಕ್ತುಮಸಾಬ ಬಂದ,
ಬ್ಯಾರೆ ಬ್ಯಾಟರಿ ಹೊತ್ತ ಹುಡುಗ ಗುರುಪಾದನ ಕರಕೊಂಡು.
ವಾಯರ್ ಮುಟ್ಟಿಸಿದ್ದ ತಡ, ಮತ್ತ ಭರ್.
"ಎಂದಿನಿಂದ ಹಿಂಗ?"
"ನಿನ್ನಿಂದ... ಅಲ್ಲ, ಹೋದ ವಾರ ಒಮ್ಮೆ...
ಅದಕ್ಕೂ ಮೊದಲ ಲಕ್ಷ್ಮೇಶ್ವರದಾಗ ಒಂದೀಟು..."
ಇದ ಮಾತಿಗೆ ಹುಯಿಲಗೋಳದ ಫಕೀರವ್ವಗ ಬೈದಿದ್ದೆ:
ಎಮ್ಮಿ ಮೇವು ಬಿಟ್ಟು ಎಷ್ಟ ದಿನ ಆತಂತ
ಹೇಳಾಕ ಬರೂದಿಲ್ಲೇನ ನಿನಗ?
ನಾಲಿಗಿ ಕಚ್ಚಿಕೊಂಡೆ.

ನೀರು ನೋಡಿದ. ತುಂಬಿತ್ತು.
ಸೆನ್ಸರ್ ವಾಯರ್ ಬಿಚ್ಚಿದ. ನಿಲ್ಲಲಿಲ್ಲ.
ಕರೀ ಡಬ್ಬಿಯ ಮುಚ್ಚಳ ಎತ್ತಿದ, ಒಳಗ ಸಾಲಾಗಿ ರಿಲೇಗಳು.
ತುಟಿ ಸರಿಸಿ ಎತ್ತಿನ ಹಲ್ಲು ಎಣಿಸಿದಂಗ ನೋಡಿ
ಒಂದ ಕಿತ್ತ.
ನಿಂತತು.

"ಇದೂ ಹಾರ್ನಿಂದೂ ಒಂದ ನಂಬರ್ ಬಾಯಾರ.
ಅದಲು ಬದಲು ಮಾಡೂಣು.
ಬ್ಯಾನಿ ಎಲ್ಲಿ ಹೊಕ್ಕತೈತೋ ಅದ ಸಾಕ್ಷಿ."
ಹಾಕಿದ.

ಪೋಂ ಅಂತ ಹಚ್ಚಿತು ಹಾರ್ನು, ಉಸಿರು ಸೈತ ತಗೊಳ್ಳದ.
ಓಣಿಗೆ ಓಣಿನ ಹೊರಗ ಬಂತು.
ಬಾಯಾಗ ಬ್ರಶ್ ಇದ್ದಾವ್ರು, ಕೈಯಾಗ ಲಾಳಿ ಇದ್ದಾವ್ರು,
ಬೆಚ್ಚಿ ಎದ್ದ ಕೂಸಿನ ಬಗಲಾಗ ಇಟಗೊಂಡಾಕಿ,
ಎರಡೂ ಕಿವಿ ಮುಚ್ಚಿಕೊಂಡ ಮಾಸ್ತರು:
"ಈಗರೆ ಚಾಲೂ ಐತಿ ಅಂತೀರೊ ಇಲ್ಲೊ?"
ಮಕ್ತುಮಸಾಬ ಕಿತ್ತು ತಗದ, ನಗತಾನ ಅಂದ,
"ತಪ್ಪ ಒಪ್ಪಿಕೊಂತು ನೋಡ್ರಿ."

ಸ್ಕ್ರೂಡ್ರೈವರಿಂದ ಸೀಳಿ ತೋರಿಸಿದ.
ರಾಗಿ ಕಾಳಿನಷ್ಟು ಎರಡ ಚುಕ್ಕಿ,
ಕಿಡಿಗೆ ಕರಗಿ ಒಂದಕ್ಕೊಂದು ಬೆಸಗೊಂಡಿದ್ದು.
ಕರೆಂಟು ಬಿಡು ಅಂದರೂ ಬಿಡವಲ್ವು.
"ಮನಷ್ಯಾರೂ ಒಮ್ಮೊಮ್ಮೆ ಹಿಂಗ..." ಅಂತ ಸುರು ಮಾಡಿದೆ.
"ಮನಷ್ಯಾರು ಬ್ಯಾರೆ ಬಿಡ್ರಿ" ಅಂದ ಮಕ್ತುಮಸಾಬ.
"ಇದು ನೂರಾ ಎಂಬತ್ತು ರೂಪಾಯಿಗೆ ಸಿಗತೈತಿ."

ಸಂಜಿಗೆ ಸೊರಟೂರಿಂದ ಬಂದು ಚಾವಿ ತಿರುವಿದೆ.
ಫ್ಯಾನ್ ತಿರಗಿತು. ಅಲ್ಲೇ ನಿಂತು ಎಣಿಸಿದೆ,
ನೂರಾ ಹತ್ತು, ನೂರಾ ಹನ್ನೊಂದು.
ನಿಂತತು. ಬಿಸಿ ಇದ್ದಷ್ಟ ಹೊತ್ತು, ಬರೋಬ್ಬರಿ.

ಅಷ್ಟರಾಗ ಫೋನು. ಫಕೀರವ್ವ. ಮತ್ತ ಎಮ್ಮಿ.
"ಎಂದಿನಿಂದ ಬೇ?"
"ಮೊನ್ನಿಂದ್ರಿ ಬಾಯಾರ... ಅಲ್ಲ,
ಅಮಾಸಿ ಎಂದಿತ್ತು... ತಡೀರಿ..."
"ಸಾವಕಾಶ ನೆನಸ್ಕೊ" ಅಂದೆ.
ಬಾನೆಟ್ಟಿನ ಮ್ಯಾಲ ಕುಂತೆ.
ಬೆಚ್ಚಗಿತ್ತು.