ಒಣಗುವುದಲ್ಲ

ಹೊಸ ಯಂತ್ರ ನೋಡಲು ಅಪ್ಪ ಬಂದದ್ದು
ಇಗರ್ಜಿಗೆ ಹಾಕುವ ಕೋಟು ತೊಟ್ಟು.
ಥಿನ್ನರಿನ ದೆಸೆಯಿಂದ
ಅವನ ಮೂಗು ಸತ್ತು ಹದಿನಾಲ್ಕು ವರ್ಷ.
ಆದರೂ ಬಾಗಿಲಲ್ಲಿ ನಿಂತು ಉದ್ದಕ್ಕೆ ಉಸಿರೆಳೆದ,
"ವಾಸನೆಯೇ ಇಲ್ಲವಲ್ಲ!" ಎಂದ.
ನಕ್ಕೆವು. ಆಮೇಲೆ ಅವನೂ ನಕ್ಕ.

ಗಲೀಸಿಯಾದ ಗುಡ್ಡದ ಮೇಲಿನ ಊರು ನಮ್ಮದು,
ಮನೆಗೊಂದು ಗರಗಸ.
ಶವಪೆಟ್ಟಿಗೆ ಮಾಡಿಯೇ ಬದುಕುತ್ತೇವೆ, ಗುಟ್ಟೇನಿಲ್ಲ.
ಮಕ್ಕಳು ಮುಚ್ಚಳದ ಮೇಲೆ ಕೂತು ಮಗ್ಗಿ ಬರೆಯುತ್ತವೆ.

ಅಪ್ಪನ ಕಾಲಕ್ಕೆ ವಾರ್ನಿಶ್ಶೆಂದರೆ ಒಂದು ವಾರದ ವ್ರತ.
ಬಳಿ, ಬಿಡು, ಉಜ್ಜು, ಮತ್ತೆ ಬಳಿ.
ಡಬ್ಬಿಯಲ್ಲರ್ಧ ಮರಕ್ಕೆ,
ಇನ್ನರ್ಧ ಪರದೆಗೆ, ಅಮ್ಮ ಮಾಡಿದ ಸಾರಿಗೆ,
ಶ್ವಾಸಕೋಶದ ಕಟ್ಟಕಡೆಯ ಕೊಂಬೆಗೆ.
ನೊಣ ಕೂತರೆ ಅದೂ ಹೆಣದ ಜೊತೆ ಸ್ವರ್ಗಕ್ಕೆ.

ಈಗ ಬೆಲ್ಟಿನ ಮೇಲೆ ಚೆಸ್ಟ್‌ನಟ್ ಹಲಗೆ ಬರುತ್ತದೆ,
ಉರುಳೆ ಒಂದೇ ಸಲ ನೆಕ್ಕುತ್ತದೆ.
ಆಮೇಲೆ ದೀಪದ ಗುಹೆ. ಎಣಿಸಿ: ಒಂದು, ಎರಡು, ಮೂರು.
ಈಚೆ ಬಂದದ್ದು ಉಗುರಿಗೂ ಬಗ್ಗದು.

"ಇದು ಒಣಗುವುದಲ್ಲ, ಎಲಾಡಿಯೊ," ಅಂದಳು
ಬಣ್ಣದ ಕಂಪನಿಯ ಹುಡುಗಿ ಇರಿಯಾ.
"ಒಣಗಬೇಕಾದರೆ ಏನೋ ಒಂದು ಬಿಟ್ಟುಹೋಗಬೇಕು.
ಇಲ್ಲಿ ಏನೂ ಹೋಗುವುದಿಲ್ಲ. ಬೆಳಕು ಬಿದ್ದೊಡನೆ
ಒಂದರ ಕೈ ಒಂದು ಹಿಡಿದುಬಿಡುತ್ತವೆ ಕಣಗಳು."
ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

ಪಕ್ಕದ ಕೋಣೆಯಲ್ಲಿ ನನ್ನ ಕೆಲಸ: ಹಿಡಿ, ಶಿಲುಬೆ.
ಪ್ಲಾಸ್ಟಿಕ್ಕಿನ ಮೇಲೆ ಉಸಿರಿನಷ್ಟು ಅಲ್ಯೂಮಿನಿಯಂ,
ಅದರ ಮೇಲೆ ಜೇನುಬಣ್ಣದ ಮೆರುಗು,
ನೇರಳೆಗೂ ಆಚೆಯ ಅದೇ ಬೆಳಕು;
ಹೊರಗೆ ಬಂದರೆ ಅಜ್ಜಂದಿರ ಕಾಲದ ಕಂಚು!
ಸ್ವಾಮಿಯ ತೂಕ ಹನ್ನೆರಡು ಗ್ರಾಂ.
ಅಂಗೈಲಿಟ್ಟು ತೂಗಿದ ಅಪ್ಪ,
"ಇಳಿದುಹೋಗಿದ್ದಾನೆ, ಪಾಪ.
ಇರಲಿ, ಹೊರುವವರಿಗೆ ಹಗುರ."

ಅಮ್ಮನ ಪೆಟ್ಟಿಗೆ ಅವನೇ ಮಾಡಿದ್ದು, ಹಳೇ ಕ್ರಮದಲ್ಲಿ.
ಫೆಬ್ರವರಿ. ಹೊಳೆಯಿಂದೆದ್ದ ಮಂಜು ಇಳಿಯಲೇ ಇಲ್ಲ.
ಬಳಿದದ್ದು ಆರಲಿಲ್ಲ, ಪಾದ್ರಿ ಕಾಯಲಿಲ್ಲ.
ಹೊತ್ತವರ ಕರೀ ತೋಳಿಗೆಲ್ಲ ಅಂಟು.
ಎಡಗಡೆ, ಅಂಚಿನ ಹತ್ತಿರ, ನನ್ನ ಹೆಬ್ಬೆರಳಿನ ಗುರುತು
ಹೋಗಿದೆ ಅವಳ ಜೊತೆ, ಗೋಡೆಯ ಗೂಡಿನೊಳಗೆ.

ಹೊರಡುವ ಮೊದಲು ಅಪ್ಪ
ಈಗತಾನೆ ಗುಹೆಯಿಂದ ಬಂದ ಮುಚ್ಚಳದ ಮೇಲೆ
ಹೆಬ್ಬೆರಳು ಊರಿದ. ಮೈಭಾರ ಬಿಟ್ಟು ಊರಿದ.
ತೆಗೆದರೆ ಗುರುತೇನಿಲ್ಲ,
ಬರೀ ಬೆವರಿನ ಸುರುಳಿ, ತೆಳ್ಳಗೆ ಮಸುಕು.

ಹಿಂದಿನ ಹಲಗೆ ಬರುತ್ತಿತ್ತು.
"ಸರಿ ಆಕಡೆ" ಎಂದೆ. ಸರಿಯಲಿಲ್ಲ.
ಅದು ಆರುವುದನ್ನೇ ನೋಡುತ್ತಿದ್ದ.