ಕುಲಾವಿಗೂ ಮುಂಚೆ

‘ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತೀಯೇನೋ?’
ಬಾಗಿಲ ಚೌಕಟ್ಟಿಗೆ ಒರಗಿ ಅವ್ವ.
ಹೊಲಿಯೋದಲ್ಲ ಕಣವ್ವ, ಬಳಿಯೋದು, ಅಂದೆ.
ನಗಲಿಲ್ಲ.
ಬಸುರಿ ಇರೋ ಮನೇಲಿ ಮೊಳೆ ಹೊಡೀಬಾರದು,
ಗೋಡೆ ಕೆರೀಬಾರದು, ಬರೀ ತೊಟ್ಟಿಲು ತೂಗಬಾರದು...
ಅವಳ ಪಟ್ಟಿ ಆರ್‌ಟಿಓ ಕಾಯಿದೆಗಿಂತ ಉದ್ದ.

ಮೊಳೆ ಹೊಡೆಯಲಿಲ್ಲ.
ಹಳೇ ನಂಬರ್ ಪ್ಲೇಟುಗಳ ಚೀಲ, ಟರ್ಪೆಂಟೈನ್ ಡಬ್ಬ,
ಒಂಟಿ ಟಯರು, ತಗಡಿನ ಅಚ್ಚುಗಳು,
ಎಲ್ಲ ಹೊತ್ತು ಹಿತ್ತಲಿಗೆ ಹಾಕಿದೆ.
ಉಳಿದದ್ದು ಎಂಟಕ್ಕೆ ಹತ್ತರ ಕೋಣೆ,
ಒಂದು ಕಿಟಕಿ, ಕಿಟಕಿಯಾಚೆ ದುರ್ಗದ ಗುಡ್ಡಸಾಲಲ್ಲಿ
ಹನ್ನೊಂದು ಗಾಳಿಗಿರಣಿ.
ಶಶಿಕಲಾಗೆ ತಾಯಿಯಿಲ್ಲ, ಹೆರಿಗೆಗೆ ಹೋಗಲು ಊರಿಲ್ಲ.
ಹೆರಿಗೆ ಇಲ್ಲೇ, ಜಿಲ್ಲಾಸ್ಪತ್ರೆಯಲ್ಲಿ;
ಬಾಣಂತನ ಈ ಕೋಣೆಯಲ್ಲಿ.
ತವರಿನ ಬಣ್ಣ
ಯಾವ ಅಂಗಡಿಯ ಶೇಡ್ ಕಾರ್ಡಿನಲ್ಲಿದೆ?

ಇಪ್ಪತ್ತು ವರ್ಷ ಹೈವೇ ಪಕ್ಕದ ಗ್ಯಾರೇಜಲ್ಲಿ
ಲಾರಿಗಳಿಗೆ ಬರೆದವನು ನಾನು:
ಕಮಲ, ಹದ್ದು, ಕರುವಿಗೆ ಹಾಲೂಡುವ ಹಸು,
ಹಿಂಬದಿಗೆ ‘ನಿಧಾನವಾಗಿ ಚಲಿಸಿ’.
ಐವತ್ತು ಅಡಿ ಹಿಂದಿನವನು
ಎಂಬತ್ತರ ವೇಗದಲ್ಲಿ ಓದಬೇಕು, ಅದೇ ಲೆಕ್ಕ.
ಆಶಾ ಪುಟ್ಟಮಣಿ ಬಂದು ಮೂಗು ಮುಚ್ಚಿದಳು:
‘ಎನಾಮಲ್ ವಾಸನೆ ಆಗಲ್ಲಣ್ಣ, ನೀರಿನ ಬಣ್ಣ ಹಚ್ಚು.
ಇನ್ನೊಂದು, ಹುಟ್ಟಿದ ಕೂಸಿಗೆ
ಗೇಣಿನಾಚೆ ಏನೂ ಸರಿಯಾಗಿ ಕಾಣಲ್ಲ.’
ಗೇಣು!
ಬೆರಳು ಅಗಲಿಸಿ ಗಾಳಿಯಲ್ಲಿ ಅಳೆದೆ.
ಅಷ್ಟು ಹತ್ತಿರದಿಂದ ನೋಡುವಂಥದ್ದನ್ನು
ಈ ಕೈ ಎಂದೂ ಬರೆದಿಲ್ಲ.

ಬಣ್ಣ ಯಾವುದು ಅಂದರೆ ಶಶಿಕಲಾ
‘ನೆನೆಸಿದ ಹೆಸರುಬೇಳೆ’ ಅಂದಳು,
ನಂಬರು ಹೇಳಲಿಲ್ಲ.
ಮೊದಲ ಸಲ ಕಲೆಸಿದ್ದು ಲಾರಿ ಹಳದಿ. ಎರಡನೇ ಸಲ ಅರಿಶಿನ.
ಮೂರನೇ ಸಲಕ್ಕೆ ಬೇಳೆಯ ಬಟ್ಟಲನ್ನೇ ತಂದು
ಬಕೆಟ್ಟಿನ ಪಕ್ಕ ಇಟ್ಟು
ಹೊಟ್ಟೆಯ ಮೇಲೆ ಕೈಕಟ್ಟಿ ನಿಂತಳು, ಮೇಸ್ತ್ರಿಯ ಹಾಗೆ.
ಡಿಸ್ಟೆಂಪರ್ ನನ್ನ ಮಾತು ಕೇಳುವುದಿಲ್ಲ.
ತಗಡು ಬಣ್ಣ ಹೊರುತ್ತದೆ, ಗೋಡೆ ಕುಡಿಯುತ್ತದೆ.
ಒಂದು ಕೋಟು ಪೂರ್ತಿ ಕುಡಿದು
ಏನೂ ನಡೆದೇ ಇಲ್ಲವೆಂಬಂತೆ ಬಿಳಚಿಕೊಂಡಿತು.

ಎರಡನೇ ಕೋಟು ಒಣಗುವಾಗ
ಬರಿನೆಲದ ಮೇಲೆ ಅಂಗಾತ ಮಲಗಿ ನೋಡಿದೆ,
ಕೂಸು ನೋಡುವ ಹಾಗೆ.
ಗೋಡೆಗಳು ಲೆಕ್ಕಕ್ಕೇ ಇಲ್ಲ!
ಇರುವುದೆಲ್ಲ ಚಾವಣಿ, ಹೋದ ಮಳೆಗಾಲದ ಕಲೆ,
ನಡುವೆ ಮಸಿ ಹಿಡಿದ ಫ್ಯಾನು.
ಏಣಿ ಹತ್ತಿ ಬಿಚ್ಚಿದೆ,
ಮೂರು ರೆಕ್ಕೆಯ ತುದಿಗೂ ಕೆಂಪು.
ಇದೊಂದು ಮಾತ್ರ ಎನಾಮಲ್, ಪುಟ್ಟಮಣಿಗೆ ಹೇಳಬೇಡಿ,
ವಾಸನೆ ಸಾಯುವ ತನಕ ಎಂಟು ದಿನ
ಹಿತ್ತಲ ಬಿಸಿಲಿಗೆ ಒಡ್ಡಿದ್ದು.
ಸ್ವಿಚ್ ಹಾಕಿದರೆ ತಲೆಯ ಮೇಲೊಂದು ಕೆಂಪು ಬಳೆ.
ಆರಿಸಿದರೆ
ಗುಡ್ಡದ ಗಾಳಿಗಿರಣಿಗಳಿಗೆ ತಮ್ಮ.

ಒಂದು ಗೋಡೆ ಉಳಿಯಿತು.
ಮಾಲೀಕರ ಮಕ್ಕಳ ಹೆಸರು ಎಷ್ಟು ಬರೆದಿದ್ದೇನೆ
ಲಾರಿಗಳ ಹಣೆಯ ಮೇಲೆ! ಅವರಲ್ಲಿ ಕೆಲವರು
ಈಗ ಅದೇ ಲಾರಿ ಓಡಿಸುತ್ತಾರೆ.
ಸೀಮೆಸುಣ್ಣ ಉಜ್ಜಿದ ದಾರ ಎಳೆದು
ಟಪ್ಪಂತ ಮೀಟಿದೆ. ಒಂದು ಗೆರೆ, ಕೆಳಗೆ ಇನ್ನೊಂದು.
ನಡುವೆ ಅಕ್ಷರಕ್ಕೆ ಜಾಗ, ಒತ್ತಿದ್ದರೆ ಒತ್ತಿಗೂ.
ಬರೆಯಲಿಲ್ಲ.

ಸಂಜೆ ಕುಂಚ ತೊಳೆದು ಬಂದರೆ
ಕೋಣೆಯಲ್ಲಿ ಅವ್ವ, ಕಾಡಿಗೆಯ ಕರಡಿಗೆ ಹಿಡಿದು.
ಬಾಗಿಲ ಹಿಂದೆ, ಗೋಡೆಯ ಕೆಳಮೂಲೆಗೆ
ಉಂಗುರದ ಬೆರಳಿಂದ ಒಂದು ಬೊಟ್ಟಿಟ್ಟಳು.
‘ಯಾರ ಕಣ್ಣಾದ್ರೂ ಬಿದ್ದಾತು’ ಅಂದಳು,
ನನ್ನ ಕಡೆ ನೋಡದೆ.
ಬಗ್ಗಿ ನೋಡಿದೆ.
ನನ್ನ ಯಾವ ಕುಂಚಕ್ಕೂ ಬಾರದಷ್ಟು ದುಂಡಗಿತ್ತು.